ಕಾರ್ಡಿನ ಹಮಾಲಿ ಕೂಗುವ ಹೊಳೆಮ್ಮ

ಬೆಳಗಿನ ಆರು ಗಂಟೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯ ಪೆಟ್ರೋಲ್ ಬಂಕಿಗೆ ಬಂದ ಕೂಡಲೇ ಹೊಳೆಮ್ಮ ಮಾಡುವ ಮೊದಲ ಕೆಲಸ, ಗಾಜಿನ ಕೋಣೆಯ ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಡುವುದು. ಆಮೇಲೆ ಮೇಜು ಒರೆಸುತ್ತಾರೆ. ಫೋನು ಒರೆಸುತ್ತಾರೆ. ಕೊನೆಗೆ ಕಾರ್ಡು ಉಜ್ಜುವ ಮಷೀನಿನ ಮೇಲೆ ಹೊದಿಸಿದ ಟವೆಲನ್ನು ಮೆಲ್ಲಗೆ ಎತ್ತಿ, ಹೊರಗೊಯ್ದು ಕೊಡವಿ, ಮಷೀನಿನ ಸಂದಿಗೆ ಬಾಯಿಂದ ಗಾಳಿ ಊದುತ್ತಾರೆ. ನಿನ್ನೆ ಸಂಜೆ ಬಿಳಿಯಾಗಿದ್ದ ಟವೆಲು ಈಗ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಎದುರಿನ ರಸ್ತೆಯಲ್ಲಿ ಅದಿರು ತುಂಬಿದ ಲಾರಿಗಳು ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿ ನಿಂತಿವೆ, ಡ್ರೈವರುಗಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ. ಈ ಊರಿನಲ್ಲಿ ರಜೆಯಿಲ್ಲದೆ ದುಡಿಯುವುದು ದೂಳೊಂದೇ.

ಮೊದಲ ಗಿರಾಕಿಯಾಗಿ ಬಿಳಿ ಸ್ಕಾರ್ಪಿಯೊ ಬರುತ್ತದೆ. ಒಳಗೆ ಕರಿ ಕನ್ನಡಕ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಪಂಪಿನ ಹುಡುಗರು ಟ್ಯಾಂಕ್ ತುಂಬಿಸಿದ ಮೇಲೆ ಹೊಳೆಮ್ಮ ಕಿಟಕಿಯ ಬಳಿ ನಿಂತು, ಸೆರಗು ಸರಿಮಾಡಿಕೊಂಡು, ಬಾಯಿ ತೆರೆಯುತ್ತಾರೆ.

“ಎರಡು ಸಾವಿರದ ನೂರು ರೂಪಾಯಿ ಆತ್ರಿ. ಕಾರ್ಡ್ ಕೊಟ್ರ ಬ್ಯಾಂಕಿನವ್ರು ಮ್ಯಾಲೆ ಐವತ್ತೆರಡೂವರಿ ಹಾಕ್ತಾರ. ಆ ರೊಕ್ಕ ನಮ್ಮ ಗಲ್ಲಾಕ್ಕ ಬರಂಗಿಲ್ಲ. ಕಾರ್ಡ್ ಕೊಡ್ತೀರೋ, ರೊಕ್ಕ ಕೊಡ್ತೀರೋ?”

ಹೇಳುವುದೆಂದರೆ ಪಿಸುಮಾತಲ್ಲ. ರಸ್ತೆಯಲ್ಲಿ ಮಲಗಿದ್ದ ಒಬ್ಬ ಲಾರಿ ಡ್ರೈವರು ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಾನೆ. ತಮ್ಮ ಡೀಸೆಲ್ ಲೆಕ್ಕ ಊರಿಗೆಲ್ಲ ಗೊತ್ತಾಯಿತಲ್ಲ ಎಂಬ ಮುಜುಗರದಲ್ಲಿ ಕರಿ ಕನ್ನಡಕದವರು ಅತ್ತಿತ್ತ ನೋಡುತ್ತಾರೆ, ಕಾರ್ಡು ಕೊಡುತ್ತಾರೆ. ಹೊಳೆಮ್ಮ ಅದನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಒಳಗೆ ಒಯ್ಯುತ್ತಾರೆ.

ಈಗ ಹೊಸಪೇಟೆಯಿಂದ ಪತ್ರಿಕೆಗೆ ಬರುವ ಸುದ್ದಿ ಎಂದರೆ ಅದಿರಿನ ದರ, ಕೆಟ್ಟ ರಸ್ತೆ, ಯಾರೋ ಕೊಂಡ ಹೊಸ ಬಂಗಲೆ. ಎರಡು-ಮೂರು ವರ್ಷದಲ್ಲಿ ಇಲ್ಲಿ ಹಣ ಹೇಗೆ ಹರಿಯಿತೆಂದರೆ, ನಿನ್ನೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದವರ ಜೇಬಿನಲ್ಲಿ ಇವತ್ತು ನಾಲ್ಕು ಬ್ಯಾಂಕಿನ ಕಾರ್ಡುಗಳಿವೆ. ಕಾರ್ಡು ಕೊಡುವಾಗ ಬ್ಯಾಂಕಿನ ಹುಡುಗರು ನಗುನಗುತ್ತಾ ಕೊಟ್ಟು ಹೋಗುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಅದನ್ನು ಬಳಸಿದರೆ ನೂರಕ್ಕೆ ಎರಡೂವರೆ ರೂಪಾಯಿ ಹೆಚ್ಚು ಬೀಳುತ್ತದೆ ಎಂಬುದು ಯಾವ ಮೂಲೆಯಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ. ಆ ಸಣ್ಣಕ್ಷರವನ್ನು ದೊಡ್ಡ ದನಿಯಲ್ಲಿ ಹೇಳುವ ಕೆಲಸವನ್ನು ಯಾರೂ ಹೊಳೆಮ್ಮನಿಗೆ ವಹಿಸಿಲ್ಲ. ಸಂಬಳದ ಚೀಟಿಯಲ್ಲಿ ಅವರು ಇವತ್ತಿಗೂ ಕಸ ಗುಡಿಸುವವರು ಎಂದೇ ಇದ್ದಾರೆ.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಕೋಣೆಯೊಳಗೆ ಹೋಗಿ ಕುಳಿತು ನೋಡುತ್ತೇನೆ. ಕಾರ್ಡಿನ ಬೆನ್ನ ಮೇಲಿನ ಕಪ್ಪು ಪಟ್ಟಿಯನ್ನು ಅವರು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮಷೀನಿನಲ್ಲಿ ಎಳೆಯುತ್ತಾರೆ. ಮಷೀನು ಓದುವುದಿಲ್ಲ. ಡ್ರಾಯರಿನಿಂದ ತರಕಾರಿ ಕಟ್ಟಿಕೊಡುವಂಥ ತೆಳು ಪ್ಲಾಸ್ಟಿಕ್ ಚೀಲ ತೆಗೆದು ಕಾರ್ಡಿಗೆ ಬಿಗಿಯಾಗಿ ಸುತ್ತಿ ಮತ್ತೆ ಎಳೆಯುತ್ತಾರೆ. ಈ ಸಲ ಓದುತ್ತದೆ. ಹೀಗೆ ಮಾಡಬಹುದೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದರೆ, ಮಷೀನು ರಿಪೇರಿಗೆ ಬಂದ ಮನುಷ್ಯ ಮಾಡಿದ್ದನ್ನು ನೋಡಿದೆ ಎನ್ನುತ್ತಾರೆ. ಕಾರ್ಡು ಜೇಬಲ್ಲಿದ್ದರೂ ದೂಳು ಬಿಡುವುದಿಲ್ಲವಂತೆ. ಅದಿರು ಯಾರ್ಡಿನವರ ಕಾರ್ಡು ಒರೆಸಿದರೆ ಬಟ್ಟೆ ಕೆಂಪಾಗುತ್ತದೆ, ಹಂಪಿಗೆ ಬರುವ ಬೆಂಗಳೂರಿನವರ ಕಾರ್ಡಾದರೆ ಬಟ್ಟೆ ಹಾಗೇ ಇರುತ್ತದೆ. ಅವರವರ ಕಸುಬು ಅವರವರ ಕಾರ್ಡಿನಲ್ಲೇ ಗೊತ್ತಾಗುತ್ತದೆ ಎಂದು ನಗುತ್ತಾರೆ.

ಈ ಗಂಟಲು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಕಂಪ್ಲಿಗೆ ಹೋಗಬೇಕು. ಹೊಳೆಮ್ಮನ ಪ್ರಾಯವೆಲ್ಲ ಕಳೆದದ್ದು ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ. ಮೊದಲು ಭತ್ತ ಹರವುವ, ತೌಡು ತುಂಬುವ ಕೆಲಸ. ಆಗ ತೂಕದ ಕಟ್ಟೆಯಲ್ಲಿ ನಿಂತು ಕೂಗುತ್ತಿದ್ದವರು ಮೂಕಣ್ಣ ಎಂಬ ಹಿರಿಯರು. ಚೀಲ ತಕ್ಕಡಿಗೆ ಬಿದ್ದೊಡನೆ ತೂಕ ಇಷ್ಟು, ಹಮಾಲಿ, ಅಂದರೆ ಹೊರುವ ಕೂಲಿ, ಇಷ್ಟು ಎಂದು ಗಿರಣಿಯ ಸದ್ದಿನ ಮೇಲೆ ಕೂಗಬೇಕು. ಭತ್ತ ತಂದ ರೈತ, ಚೀಲ ಹೊತ್ತ ಹಮಾಲ, ಗದ್ದಿಗೆಯ ಮೇಲೆ ಕೂತ ಮಾಲೀಕ, ಮೂವರ ಕಿವಿಗೂ ಬೀಳಬೇಕು. ಯಾರಿಗಾದರೂ ತಕರಾರಿದ್ದರೆ ಅಲ್ಲೇ, ಆಗಲೇ ಹೇಳಬೇಕು. ಮುಂದಿನ ಚೀಲ ಬಿದ್ದ ಮೇಲೆ ಹಿಂದಿನದರ ಮಾತಿಲ್ಲ.

ತೌಡಿನ ದೂಳು ಕುಡಿದು ಮೂಕಣ್ಣನ ಗಂಟಲು ಕಟ್ಟಿಹೋದಾಗ, ಒಂದು ದಿನದ ಮಟ್ಟಿಗೆ ಎಂದು ಹೊಳೆಮ್ಮನನ್ನು ಕಟ್ಟೆಗೆ ನಿಲ್ಲಿಸಿದರು. ಆ ಒಂದು ದಿನ ಎಂಟು ವರ್ಷ ನಡೆಯಿತು. “ಹೆಣ್ಣುಮಗಳು ಹಿಂಗ ಒದರ್ತಾಳಲ್ಲ ಅಂತ ಮೊದ್ಲು ನಕ್ರು. ಆಮ್ಯಾಲೆ ಅವ್ರ ಹಳ್ಳಿಗೆ ಹೋಗಿ ಹೇಳ್ತಿದ್ರಂತ, ಅಕಿ ಕೂಗಿದ ತೂಕ ಖರೇ ತೂಕ ಅಂತ,” ಎನ್ನುವಾಗ ಹೊಳೆಮ್ಮ ಮಷೀನಿನ ಕಡೆ ನೋಡುತ್ತಿರುತ್ತಾರೆಯೇ ಹೊರತು ನನ್ನ ಕಡೆಗಲ್ಲ.

ಆ ಗಿರಣಿಯ ಮಾಲೀಕರ ಮಗನೇ ಈ ಬಂಕಿನ ಮಾಲೀಕ ಕೊಟ್ರಯ್ಯ. ಹಣೆಗೆ ಮೂರು ಬೆರಳಿನ ವಿಭೂತಿ, ಮಾತಿಗಿಂತ ಕೆಮ್ಮು ಹೆಚ್ಚು. ತಂದೆ ತೀರಿಕೊಂಡ ಮೇಲೆ ಗಿರಣಿಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು, ಲಾರಿಗಳ ಕಾಲ ಬಂತೆಂದು ಬಂಕು ಹಿಡಿದರು. ಅಷ್ಟರಲ್ಲಿ ಹೊಳೆಮ್ಮನ ಗಂಡ ಹನುಮೇಶ್ ಯಶವಂತನಗರದ ಕಡೆ ಟಿಪ್ಪರ್ ಓಡಿಸಲು ಸೇರಿದ್ದರು. ಸಂಸಾರ ಹೊಸಪೇಟೆಗೆ ಬಂತು. ಕೊಟ್ರಯ್ಯನವರು ಹಳೆಯ ಪರಿಚಯದ ಮೇಲೆ ಹೊಳೆಮ್ಮನಿಗೆ ಬಂಕಿನ ಅಂಗಳ ಗುಡಿಸುವ ಕೆಲಸ ಕೊಟ್ಟರು. ಬೆಳಿಗ್ಗೆ ಗುಡಿಸಿದ್ದು ಹತ್ತು ಗಂಟೆಗೆ ಮತ್ತೆ ಕೆಂಪಾಗುವ ಅಂಗಳ ಅದು. ಈ ಊರಿನಲ್ಲಿ ಆ ಕೆಲಸಕ್ಕೆ ಕೊನೆಯಿಲ್ಲ, ಹಾಗಾಗಿ ಕೆಲಸ ಹೋಗುವ ಭಯವೂ ಇರಲಿಲ್ಲ.

ಆಮೇಲೆ ಕಾರ್ಡಿನ ಮಷೀನು ಬಂತು. ಪಂಪಿನ ಹುಡುಗರು ಡೀಸೆಲ್ ಕೈಯಲ್ಲೇ ಅದನ್ನು ಮುಟ್ಟಿ, ದೂಳು ಹಿಡಿದ ಕಾರ್ಡನ್ನು ಹಾಗೇ ಎಳೆದು, ತಿಂಗಳೊಳಗೆ ಎರಡು ಸಲ ಕೆಡಿಸಿದರು. ರಿಪೇರಿಗೆ ಬಂದವರು, ಕೈ ಒಣಗಿರುವ ಯಾರನ್ನಾದರೂ ಇದರ ಮುಂದೆ ಕೂರಿಸಿ ಎಂದು ಬೈದು ಹೋದರು. ಇಡೀ ಬಂಕಿನಲ್ಲಿ ಎಣ್ಣೆ ಮುಟ್ಟದ ಕೈ ಹೊಳೆಮ್ಮನದೊಂದೇ. ಏಳನೇ ಇಯತ್ತೆಯವರೆಗೆ ಓದಿದ್ದರು, ಅಂಕಿ ಗೊತ್ತಿತ್ತು. ಪೊರಕೆ ಬಾಗಿಲ ಹಿಂದೆ ಇಟ್ಟು ಒಳಗೆ ಕುಳಿತರು. ಇಷ್ಟೇ ಅವರ ಬಡ್ತಿಯ ಕತೆ.

ಎಡವಟ್ಟಾದದ್ದು ಇಲ್ಲಿಯೇ. ಕೊಟ್ರಯ್ಯನವರಿಗೆ ಒಂದು ಮದುವೆಯಲ್ಲಿ ಟಿ.ವಿ. ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಸಿಕ್ಕಿ, ಕಾರ್ಡು ಉಜ್ಜಿದರೆ ಬ್ಯಾಂಕು ಅಂಗಡಿಯವರ ಹಣದಲ್ಲೇ ಕಡಿದುಕೊಳ್ಳುತ್ತದೆ, ನಾವು ಅದನ್ನು ಗಿರಾಕಿಯಿಂದಲೇ ಸೇರಿಸಿ ಹೊಡೆಯುತ್ತೇವೆ, ಇಲ್ಲದಿದ್ದರೆ ಮುಳುಗಿಹೋಗುತ್ತೀರಿ ಎಂದು ಹೇಳಿದ್ದರು. ಟಿ.ವಿ. ಅಂಗಡಿಯಲ್ಲಿ ಅದು ನಿಜವಿರಬಹುದು. ಪೆಟ್ರೋಲ್ ಬಂಕಿನ ಕ್ರಮವೇ ಬೇರೆ. ಇಲ್ಲಿ ಬ್ಯಾಂಕು ಆ ಎರಡೂವರೆಯನ್ನು ತಾನಾಗಿ ಕಾರ್ಡಿನವರ ತಿಂಗಳ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಕೊಟ್ರಯ್ಯನವರು ಬ್ಯಾಂಕಿನವರನ್ನು ಕೇಳಲು ಹೋಗಲಿಲ್ಲ. ಅಕ್ಕಿ ಗಿರಣಿಯಲ್ಲಿ ಬೆಳೆದವರಿಗೆ ಇದರಲ್ಲಿ ಕೇಳುವಂಥದ್ದು ಏನೂ ಕಾಣಲೂ ಇಲ್ಲ. ಚೀಲ ಹೊರುವವನಿಗೆ ಹಮಾಲಿ ಇರುವ ಹಾಗೆ ದುಡ್ಡು ಹೊರುವ ಬ್ಯಾಂಕಿಗೂ ಒಂದು ಹಮಾಲಿ, ಅದನ್ನು ಬಿಲ್ಲಿನ ಮೇಲೆ ಹಾಕಬೇಕು, ಅಷ್ಟೆ. ಸಾವಿರಕ್ಕೆ ಇಪ್ಪತ್ತೈದು ಸೇರಿಸಿ ಒತ್ತು ಎಂದು ಹೊಳೆಮ್ಮನಿಗೆ ಹೇಳಿ ಮನೆಗೆ ಊಟಕ್ಕೆ ಹೋದರು.

ಹೊಳೆಮ್ಮನಿಗೂ ಅದು ಹೊಸದೆನಿಸಲಿಲ್ಲ. ಹಮಾಲಿ ಇದ್ದರೆ ಕೂಗಬೇಕು, ಕೂಗಿದರು. ಡೀಸೆಲ್ ಇಷ್ಟು, ಕಾರ್ಡಿನ ಹಮಾಲಿ ಇಷ್ಟು ಎಂದು ಪ್ರತಿ ಕಿಟಕಿಯ ಮುಂದೆ ನಿಂತು ಹೇಳಿ, ಅವರು ಹೂಂ ಅಂದ ಮೇಲೆಯೇ ಒಳಗೆ ಹೋಗಿ ಮಷೀನು ಒತ್ತಿದರು. ಹಮಾಲಿ ಎಂದ ಕೂಡಲೇ ಈ ಕಡೆಯ ಜನಕ್ಕೆ ತಿಳಿಯಿತು. ಯಾರೂ ಜಗಳ ಮಾಡಲಿಲ್ಲ. ಹಂಪಿಯಿಂದ ಬಾಡಿಗೆ ಮೊಪೆಡ್ಡಿನಲ್ಲಿ ಬಂದ ಪರದೇಶದವರಿಗೆ ಮಾತ್ರ ಹೆಗಲ ಮೇಲೆ ಚೀಲ ಹೊತ್ತಂತೆ ಅಭಿನಯ ಮಾಡಿ ತೋರಿಸಬೇಕಾಯಿತಂತೆ. ಅವರಿಗೆ ಏನು ತಿಳಿಯಿತೋ ಏನೋ, ನಕ್ಕು ಕೈಮುಗಿದು ಸಹಿ ಹಾಕಿ ಹೋದರು.

ಕೆಲವು ತಿಂಗಳು ಹೀಗೇ ನಡೆಯಿತು. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ವೀರೇಶ್ ಬಂದರು. ಅದಿರಿನ ಯಾರ್ಡು, ಹತ್ತಾರು ಲಾರಿ ಇರುವ, ಈ ಬಂಕಿನ ಕಾಯಂ ಗಿರಾಕಿ. ಕಾರಿನಿಂದ ಇಳಿಯುವಾಗಲೇ ಕೈಯಲ್ಲಿ ಬ್ಯಾಂಕಿನಿಂದ ಅಂಚೆಯಲ್ಲಿ ಬಂದ ತಿಂಗಳ ಲೆಕ್ಕದ ಹಾಳೆಯಿತ್ತು. ಡೀಸೆಲ್ ಹಾಕಿಸಿದ್ದು ಎರಡು ಸಾವಿರಕ್ಕೆ, ಬಂಕಿನಲ್ಲಿ ಹೊಡೆದದ್ದು ಎರಡು ಸಾವಿರದ ಐವತ್ತು, ಅದರ ಮೇಲೆ ಬ್ಯಾಂಕು ಮತ್ತೆ ಐವತ್ತೊಂದು ಚಿಲ್ಲರೆ ಹಾಕಿದೆ. ತಿಂಗಳ ಎಲ್ಲ ಸಾಲುಗಳೂ ಹಾಗೇ. ನನ್ನ ಕಾರ್ಡು ಒಳಗೆ ಒಯ್ದು ಏನು ಮಾಡ್ತೀಯ ನೀನು ಎಂದು ಅವರು ಅಂಗಳದ ನಡುವೆ ನಿಂತು ಕೇಳಿದರು. ಆಮೇಲೆ ಕಳ್ಳಿ ಎಂಬ ಮಾತೂ ಬಂತು. ಪಂಪಿನ ಹುಡುಗರು, ಸಾಲಿನಲ್ಲಿದ್ದ ಕಾರಿನವರು, ಲಾರಿಯವರು ಎಲ್ಲರೂ ಕೇಳಿಸಿಕೊಂಡರು.

ಕಾರ್ಡಿನ ಹಣ ನೇರ ಮಾಲೀಕರ ಖಾತೆಗೆ ಹೋಗುತ್ತದೆಯಲ್ಲ, ಹೊಳೆಮ್ಮ ಕದಿಯುವುದು ಹೇಗೆ ಎಂದು ನಾನೂ ಕೇಳಿದೆ. ವೀರೇಶ್ ಅವತ್ತು ಹೇಳಿದ್ದು ಬೇರೆಯಂತೆ: ಕಾರ್ಡಿನಲ್ಲಿ ಐವತ್ತು ಹೆಚ್ಚು ಒತ್ತಿ, ಅಷ್ಟೇ ನೋಟನ್ನು ಗಲ್ಲಾದಿಂದ ಎತ್ತಿಕೊಂಡರೆ ಸಂಜೆಯ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಎತ್ತಿಲ್ಲ ಎಂದು ಯಾರು ತೋರಿಸಿಕೊಡಬೇಕು, ಹೇಗೆ ತೋರಿಸಿಕೊಡಬೇಕು? ವೀರೇಶ್ ಅಲ್ಲಿಗೆ ನಿಲ್ಲಿಸಲಿಲ್ಲ, ತೈಲ ಕಂಪನಿಗೂ ದೂರು ಕೊಟ್ಟರು. ಕಂಪನಿ ಗೊತ್ತುಮಾಡಿದ ದರಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಬಂಕಿನ ಪರವಾನಗಿಗೆ ಕುತ್ತು. ವಿಚಾರಣೆಗೆ ಅಧಿಕಾರಿಯನ್ನು ಕಳಿಸುತ್ತೇವೆಂದು ಫೋನು ಬಂತು.

ಕೊಟ್ರಯ್ಯನವರ ಮಗ ಹಾಲೇಶ್‌ಗೆ ಹೊಳೆದ ದಾರಿ ಸುಲಭವಾಗಿತ್ತು. ಹೆಂಗಸಿಗೆ ಓದು ಬರಹ ಕಡಿಮೆ, ತಾನಾಗಿ ಏನೋ ಒತ್ತಿದ್ದಾಳೆ, ಅವಳನ್ನು ಬಿಡಿಸಿದ್ದೇವೆ ಎಂದು ಬರೆದುಕೊಟ್ಟರೆ ಬಂಕು ಉಳಿಯುತ್ತದೆ. ಈಗ ಅವರನ್ನು ಕೇಳಿದರೆ ತಲೆ ತಗ್ಗಿಸಿ, ಅವತ್ತು ತಲೆ ಓಡಲಿಲ್ಲ, ಹದಿನೆಂಟು ಮಂದಿಯ ಅನ್ನದ ಪ್ರಶ್ನೆ ಎನಿಸಿತು ಎನ್ನುತ್ತಾರೆ. ಅವರು ತಂದೆಗೆ ಹೀಗೆ ಹೇಳುತ್ತಿದ್ದುದು, ರಸ್ತೆಯಾಚೆ ಚಹಾದ ಗಾಡಿ ಇಟ್ಟುಕೊಂಡಿರುವ ಬಸಕ್ಕನ ಕಿವಿಗೆ ಬಿತ್ತು. ಚಹಾ ಕೊಡಲು ಬಂದಿದ್ದ ಬಸಕ್ಕ ಲೋಟಗಳನ್ನು ಅಲ್ಲೇ ಇಟ್ಟು ಹೋಗಿ ಹೊಳೆಮ್ಮನಿಗೆ ಹೇಳಿಬಿಟ್ಟರು. ಕೊಟ್ರಯ್ಯನವರು ಮಗನಿಗೆ ಏನು ಉತ್ತರ ಕೊಟ್ಟರು ಎಂದು ಹೊಳೆಮ್ಮ ಕೇಳಿದರಂತೆ. ಏನೂ ಕೊಡಲಿಲ್ಲ, ಕೆಮ್ಮಿದರು ಎಂದರಂತೆ ಬಸಕ್ಕ.

ಆ ಕೆಮ್ಮನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೊಳೆಮ್ಮನಿಗೆ ಬರುವುದಿಲ್ಲ. ಅವರಿಗೂ ಭಯ ಇತ್ತಲ್ಲರೀ ಎಂದು ಮಾಲೀಕರ ಪರವಾಗಿಯೇ ಮಾತಾಡುತ್ತಾರೆ. ಮನೆಗೆ ಬಂದ ಹನುಮೇಶ್, ಆ ಕೆಲಸವೇ ಬೇಡ, ನಾಳೆಯಿಂದ ಹೋಗಬೇಡ ಎಂದರು. ಸಂಡೂರಿನ ಕಡೆ ಇನ್ನೊಂದು ಬಂಕಿನಲ್ಲಿ ಕೇಳುತ್ತೇನೆ ಎಂದೂ ಹೇಳಿದರು. ಹೊಳೆಮ್ಮ ಒಪ್ಪಲಿಲ್ಲ. “ನಾ ಹೋಗ್ಲಿಲ್ಲ ಅಂದ್ರ ಕದ್ದಿದ್ದು ಖರೇ ಅಂದಂಗ ಆಗ್ತಿತ್ತು. ಕಂಪ್ಲಿ ಮಟ ಸುದ್ದಿ ಮುಟ್ಟತೈತಿ. ಅಷ್ಟು ವರ್ಷ ತೂಕ ಕೂಗೀನಿ ಅಲ್ಲಿ. ಅದೂ ಸುಳ್ಳಾಗ್ತಿತ್ತಲ್ರಿ,” ಎನ್ನುತ್ತಾರೆ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಈ ಊರಿನಲ್ಲಿ ಈಗ ಕೆಲಸಕ್ಕೆ ಬರವಿಲ್ಲ. ಕೂಗಿದ ತೂಕ ಸುಳ್ಳು ಎಂದಾಗುವುದನ್ನು ಅವರಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹಾಗಾಗಿ ಎಂದಿನಂತೆ ಬಂದರು, ಟವೆಲು ಕೊಡವಿದರು. ಮಷೀನು ಮುಟ್ಟಬೇಡ ಎಂದು ಹಾಲೇಶ್ ಹೇಳಿದ್ದರಿಂದ ಪೊರಕೆ ಹಿಡಿದು ಅಂಗಳಕ್ಕೆ ಇಳಿದರು. ಮಷೀನಿನ ಮುಂದೆ ಪಂಪಿನ ಒಬ್ಬ ಹುಡುಗ ಕುಳಿತ. ಅವನು ಏನನ್ನೂ ಕೂಗಲಿಲ್ಲ. ಸಾಲಿನಲ್ಲಿ ನಿಂತ ಕೆಲವರು ತಮ್ಮ ಕಾರ್ಡನ್ನು ಹಿಂಬಾಲಿಸಿಕೊಂಡು ಕೋಣೆಯವರೆಗೂ ಹೋಗಿ, ಗಾಜಿಗೆ ಮುಖವಿಟ್ಟು ನೋಡತೊಡಗಿದರು.

ಅಧಿಕಾರಿ ಬಂದ ದಿನ ಕೋಣೆಯೊಳಗೆ ಕುರ್ಚಿಗಳು ಸಾಲದೆ ಎಲ್ಲರೂ ಅಂಗಳದಲ್ಲೇ ನಿಂತರು. ವೀರೇಶ್ ತಮ್ಮ ಹಾಳೆ ತೋರಿಸಿದರು. ಹಾಲೇಶ್ ಬರೆದಿಟ್ಟುಕೊಂಡ ಕಾಗದ ಜೇಬಿನಲ್ಲಿತ್ತು. ಬಂದ ಅಧಿಕಾರಿ ಕೂಗಾಡುವ ಮನುಷ್ಯನಲ್ಲ. ಹೊಳೆಮ್ಮನನ್ನು ಹತ್ತಿರ ಕರೆದು, ಹೆಚ್ಚಿನ ಹಣ ಒತ್ತಿದ್ದು ನೀವೇನಾ ಎಂದು ಕೇಳಿದರು. ಹೌದೆಂದರು. ಗಿರಾಕಿಗೆ ತಿಳಿಸದೆ ಒತ್ತಿದಿರಾ ಎಂದರು. ಹೊಳೆಮ್ಮ ಉತ್ತರ ಕೊಡುವ ಮೊದಲೇ, ಕೈಯಲ್ಲಿ ಸೌಟು ಹಿಡಿದು ರಸ್ತೆ ದಾಟಿ ಬಂದಿದ್ದ ಬಸಕ್ಕ ನಡುವೆ ಬಾಯಿ ಹಾಕಿದರು. “ತಿಳಿಸ್ಲಾರದ ಏನ್ರಿ? ಇಕಿ ಒದರಿದ್ದು ದಿನಾ ನನ್ನ ಒಲಿ ಮಟ ಕೇಳ್ತಿತ್ತು. ಯಾರ ಗಾಡಿಗೆ ಎಷ್ಟು ಎಣ್ಣಿ, ಎಷ್ಟು ಹಮಾಲಿ, ಎಲ್ಲಾ ನನಗ ಬಾಯಿಪಾಠ. ಕಳ್ಳತನ ಮಾಡಾಕಿ ಹಿಂಗ ಡಂಗುರ ಹೊಡೀತಾಳೇನ್ರಿ?”

ಸಾಲಿನಲ್ಲಿದ್ದವರು ನಕ್ಕರು. ವೀರೇಶ್ ಕೂಡ, ಕೂಗಿದ್ದು ಹೌದು, ತಾವು ಹೂಂ ಅಂದದ್ದೂ ಹೌದು ಎಂದು ಒಪ್ಪಿಕೊಳ್ಳಬೇಕಾಯಿತು. ಆದರೆ ಮುಖ್ಯ ಪ್ರಶ್ನೆ ಇನ್ನೂ ಉಳಿದಿತ್ತು. ಅಧಿಕಾರಿ ಅದನ್ನೇ ಕೇಳಿದರು: ಸೇರಿಸು ಎಂದು ನಿಮಗೆ ಹೇಳಿದವರು ಯಾರು?

ಹೊಳೆಮ್ಮ ಮನಸ್ಸಿನಲ್ಲೇ ತೂಗಿ ನೋಡಿದರು. ಮಾಲೀಕರ ಹೆಸರು ಹೇಳಿದರೆ ಬಂಕು ಹೋಗಬಹುದು, ಅದರ ಜೊತೆಗೆ ಹುಡುಗರೆಲ್ಲರ ಕೆಲಸ. ಹೇಳದಿದ್ದರೆ ತಾನಾಗಿ ಸೇರಿಸಿದೆ ಎಂದು ಒಪ್ಪಿದಂತೆ. “ಹೇಳಾಕ ಬಾಯಿ ಬರ್ಲಿಲ್ರಿ. ದಿನಾ ಒದರೋ ಬಾಯಿ, ಅವತ್ತು ಬರ್ಲಿಲ್ಲ. ಸಾವ್ಕಾರ್ರ ಮಾರಿ ನೋಡಬಾರ್ದು, ನೋಡಿದ್ರ ಅವ್ರ ಕಡೆ ಬಟ್ಟು ಮಾಡಿದಂಗ ಆಗತೈತಿ ಅಂತ ನೆಲ ನೋಡ್ಕೊಂತ ನಿಂತೆ,” ಎಂದು ಹೇಳುವಾಗ ಈಗಲೂ ಅವರ ದನಿ ತಗ್ಗುತ್ತದೆ. ಇಡೀ ಬೆಳಿಗ್ಗೆಯಲ್ಲಿ ನಾನು ಅವರನ್ನು ಹತ್ತಿರ ಬಾಗಿ ಕೇಳಬೇಕಾಗಿ ಬಂದದ್ದು ಆಗೊಂದೇ ಸಲ.

ಆಗ ಕೊಟ್ರಯ್ಯನವರು ಕೆಮ್ಮಿದರು. ಕೆಮ್ಮಿ ಮುಂದೆ ಬಂದರು. ಮಗ ತೋಳು ಹಿಡಿದದ್ದನ್ನು ಬಿಡಿಸಿಕೊಂಡರು ಎಂದು ನೋಡಿದವರು ಹೇಳುತ್ತಾರೆ.

“ಅಕಿನ್ನ ಯಾಕ ಕೇಳ್ತೀರಿ ಸಾಹೇಬ್ರ? ಹಾಕು ಅಂತ ಹೇಳ್ದಾವ ನಾನು. ಅಕಿ ಹಾಕ್ಯಾಳ, ಕೂಗಿ ಹಾಕ್ಯಾಳ. ಬ್ಯಾಂಕಿನವ್ರು ತಾವ ಹಾಕ್ಕೊಂತಾರ ಅನ್ನೋದು ನನಗ ಗೊತ್ತಿರ್ಲಿಲ್ಲ, ಕೇಳ್ಕೊಳ್ಳೂ ಇಲ್ಲ. ಒಂದ ಚೀಲಕ್ಕ ಎರಡು ಹಮಾಲಿ ತಗೊಂಡಂಗ ಆತು. ನಮ್ಮಪ್ಪ ಇದ್ದಿದ್ರ ನನ್ನ ಗದ್ದಿಗಿ ಬಿಟ್ಟು ಇಳಿಸ್ತಿದ್ದ. ಏನ್ ಬರ್ಕೋಬೇಕೋ ನನ್ನ ಹೆಸರ್ಲೆ ಬರ್ಕೋರಿ.”

ಗಿರಣಿಯ ಲೋಕದಲ್ಲಿ ಒಂದು ಚೀಲಕ್ಕೆ ಎರಡು ಹಮಾಲಿ ತೆಗೆದುಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇಲ್ಲವೆಂದು ಆಮೇಲೆ ನನಗೆ ತಿಳಿಯಿತು. ಅದನ್ನು ಬಾಯಿಬಿಟ್ಟು ಹೇಳಿಕೊಂಡದ್ದರಿಂದಲೋ ಏನೋ, ಅಧಿಕಾರಿಯ ಸಿಟ್ಟು ಇಳಿಯಿತು. ದಂಡ ಬಿತ್ತು, ಎಚ್ಚರಿಕೆಯ ಪತ್ರ ಬಂತು, ಸೇರಿಸಿದ ಹಣವನ್ನೆಲ್ಲ ಹಿಂದಿರುಗಿಸಬೇಕೆಂದು ಹೇಳಿಹೋದರು. ಬಂಕು ಉಳಿಯಿತು. ಅಧಿಕಾರಿಯ ಜೀಪು ತಿರುವು ದಾಟಿತು. ಆಮೇಲೆ ಹೊಳೆಮ್ಮ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತುಬಿಟ್ಟರು. ಬಸಕ್ಕ ಸೌಟು ಎಸೆದು ಬಂದು ಪಕ್ಕ ಕುಳಿತರು. ಹಾಲೇಶ್ ಜೇಬಿನ ಕಾಗದ ಹರಿದು, ಒಳಗೆ ಹೋಗಿ, ಮಷೀನಿನ ಮುಂದಿನ ಕುರ್ಚಿಯನ್ನು ತಮ್ಮ ಕೈಯಿಂದಲೇ ಒರೆಸಿದರು.

ಹಣ ಹಿಂದಿರುಗಿಸಿದ್ದು ಇನ್ನೊಂದು ಮಜಾ. ಹಳೆಯ ಚೀಟಿಗಳಲ್ಲಿ ಅಕ್ಷರ ಮಾಸಿ, ಯಾರದು ಎಷ್ಟು ಎಂದು ತಿಳಿಯುವಂತಿರಲಿಲ್ಲ. ಕೊಟ್ರಯ್ಯನವರು ಒಂದು ಬೋರ್ಡು ಬರೆಸಿ, ಗಿರಾಕಿ ಎಷ್ಟು ಎನ್ನುತ್ತಾರೋ ಅಷ್ಟು ಕೊಟ್ಟುಬಿಡು ಎಂದರು. ಊರ ತುಂಬ ಹಣ ಓಡಾಡುವ ಕಾಲ, ಸುಳ್ಳು ಹೇಳಿ ಹೆಚ್ಚು ಕೇಳುವವರ ಸಾಲೇ ಹತ್ತಬಹುದು ಎಂದು ಹಾಲೇಶ್ ಹೆದರಿದ್ದರು. ಹಾಗಾಗಲಿಲ್ಲ. ಬಹಳ ಜನ ಬೇಡವೆಂದರು, ಕೆಲವರು ಅಂದಾಜಿಗೆ ಕಡಿಮೆಯೇ ಹೇಳಿದರು. ಹಂಪಿ ಬಜಾರಿನಲ್ಲಿ ಗೆಸ್ಟ್ ಹೌಸ್ ಇಟ್ಟಿರುವ ಒಬ್ಬರು, ಪರದೇಶದವರದು ಏನು ಮಾಡ್ತೀರಿ, ಅವರು ಎಲ್ಲಿದ್ದಾರೋ ಏನೋ ಎಂದು ಕೇಳಿದರಂತೆ. ಅದು ಹೊಳೆಮ್ಮನನ್ನು ಇನ್ನೂ ಕಾಡುತ್ತದೆ. ಮೊಪೆಡ್ಡಿಗೆ ನೂರು ರೂಪಾಯಿಯ ಪೆಟ್ರೋಲು ಹಾಕಿಸಿದವರ ಎರಡೂವರೆ ರೂಪಾಯಿ. ವೀರೇಶ್ ಮಾತ್ರ ಬಂದು, ತಮ್ಮ ಪಾಲನ್ನು ಪೈಸೆ ಬಿಡದೆ ಎಣಿಸಿಕೊಂಡು ಹೋದರು. ಮತ್ತೆ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ.

ಈಗ ದಿನಕ್ಕೆ ಮೂವತ್ತು ನಲವತ್ತು ಕಾರ್ಡು ಬರುತ್ತವೆ, ಹಂಪಿಗೆ ಜನ ಬರುವ ಶನಿವಾರ ಭಾನುವಾರ ಇನ್ನೂ ಹೆಚ್ಚು. ಬಂಕಿನಲ್ಲಿ ಒಂದು ಪೈಸೆಯನ್ನೂ ಸೇರಿಸುವುದಿಲ್ಲ. ಬ್ಯಾಂಕು ಸೇರಿಸುವುದನ್ನು ಮಾತ್ರ ಹೊಳೆಮ್ಮ ಬಿಡದೆ ಕೂಗುತ್ತಾರೆ. ಕೇಳಿದವರಲ್ಲಿ ಅರ್ಧದಷ್ಟು ಜನ ಕಾರ್ಡನ್ನು ಒಳಗಿಟ್ಟು ನೋಟು ತೆಗೆಯುತ್ತಾರೆ. ಕಾರ್ಡು ಕೊಟ್ಟು ಹೋದವರನ್ನು ಪಂಪಿನ ಹುಡುಗರು ಧಾರಾಳಿ ಎಂದು ಚೇಷ್ಟೆ ಮಾಡುತ್ತಾರೆ. ಎರಡು ಗಂಟೆಗೆ ಪಾಳಿ ಮುಗಿಯುವಷ್ಟರಲ್ಲಿ ಗಂಟಲು ಒಡೆದಿರುತ್ತದೆ, ಬಸಕ್ಕನ ಶುಂಠಿ ಚಹಾ ಕುಡಿದು ಮನೆಗೆ ನಡೆಯುತ್ತಾರೆ. ಹೈಸ್ಕೂಲಿನಲ್ಲಿ ಓದುವ ಮಗಳು ಹೇಮಾ, ಮನೆಯಲ್ಲಿ ಹೀಗೆ ಕೂಗಬೇಡಮ್ಮಾ, ಪಕ್ಕದ ಮನೆಯವರಿಗೆ ನಮ್ಮ ಸಾರು ಯಾವುದೆಂದು ಗೊತ್ತಾಗುತ್ತದೆ ಎನ್ನುತ್ತಾಳಂತೆ.

ಏನಾದರೂ ಆಗಬೇಕು ಎಂದಿದೆಯಾ ಎಂದು ಕೇಳುತ್ತೇನೆ. ಸಂಬಳದ ಮಾತು ಬರಬಹುದು ಎಂದುಕೊಂಡಿದ್ದೆ. ಮಷೀನಿಗೆ ಸಿಕ್ಕಿಸಿರುವ ಫೋನಿನ ವೈರು ಉದ್ದ ಆಗಬೇಕು ಎನ್ನುತ್ತಾರೆ. ಮಷೀನನ್ನು ಕಿಟಕಿಯ ತನಕ ಒಯ್ಯುವಂತಾದರೆ ಕಾರ್ಡು ಗಿರಾಕಿಯ ಕಣ್ಣಮುಂದೆಯೇ ಇರುತ್ತದೆ, ಒಳಗೆ ಒಯ್ದು ಏನು ಮಾಡಿದಳೋ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ. ಬೆಂಗಳೂರಿನಲ್ಲಿ ವೈರೇ ಇಲ್ಲದ ಮಷೀನುಗಳು ಬಂದಿವೆ ಎಂದು ನಾನು ಹೇಳಿದಾಗ ನಂಬಲೋ ಬೇಡವೋ ಎಂಬಂತೆ ನೋಡುತ್ತಾರೆ.

ಹೊರಡುವ ಮುನ್ನ, ವೀರೇಶ್ ಮತ್ತೆ ಬರಲೇ ಇಲ್ಲವಾ ಎಂದು ಕೇಳಿದೆ. ದಸರೆಯ ಹಿಂದೆಮುಂದೆ ಬಂದರಂತೆ. ಯಾಕೆ ಬಂದರೋ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬೇರೆ ಬಂಕಿನಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲವಲ್ಲ ಎಂದು ಬಸಕ್ಕನ ಊಹೆ. ಹೊಳೆಮ್ಮ ಅವರ ಕಾರಿನ ಕಿಟಕಿಯ ಬಳಿ ಹೋಗಿ ಎಂದಿನಂತೆ ಕೂಗಿದರು, ಡೀಸೆಲ್ ಎಷ್ಟು, ಬ್ಯಾಂಕಿನದು ಎಷ್ಟು. ವೀರೇಶ್ ಕಾರ್ಡನ್ನು ಅವರ ಕೈಗೆ ಕೊಟ್ಟರು. ಕೊಟ್ಟು, ಅದರ ಹಿಂದೆ ಬರಲಿಲ್ಲ, ಗಾಜಿಗೆ ಮುಖ ಇಡಲಿಲ್ಲ. ರಸ್ತೆ ದಾಟಿ ಬಸಕ್ಕನ ಗಾಡಿಗೆ ಚಹಾ ಕುಡಿಯಲು ಹೋದರು.

“ನಾನ ಚೀಟಿ ತಗೊಂಡು ಅಲ್ಲಿಗೆ ಹೋದ್ನಿರಿ. ಓದಿ ಸೈನ್ ಮಾಡ್ರಿ ಅಂದೆ. ಅವ್ರು ಓದ್ಲಿಲ್ಲ. ‘ನೀ ಹೇಳಿದ್ಯಲ್ಲವಾ ಆಗ್ಲೇ’ ಅಂದು, ಒಂದು ಕೈಯಾಗ ಚಾ ಹಿಡ್ಕೊಂಡು ಇನ್ನೊಂದು ಕೈಲೆ ಸೈನ್ ಮಾಡಿ ಕೊಟ್ಟಬಿಟ್ರು. ತಪ್ಪಾತು ಅಂತೇನ್ ಅನ್ಲಿಲ್ಲ. ಅಂದಿದ್ರ ನನಗ ನಾಚಿಕಿ ಆಗ್ತಿತ್ತು.” ಹೊಳೆಮ್ಮ ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸುತ್ತಾರೆ. “ಅವತ್ತು ಮನಿಗೆ ಹೋಗಿ ಭಾಳ ದಿನದ ಮ್ಯಾಲೆ ಹೊಟ್ಟಿ ತುಂಬ ಉಂಡೆ ನೋಡ್ರಿ.”